ಬೆಕ್ಕಿನ ಇನ್ಸುಲಿನ್ ಬದಲಾದ್ರೆ ಸಿರಿಂಜ್ ಕೂಡ ಬದಲಾಗಬೇಕು

ಬೆಕ್ಕಿಗೂ ಶುಗರ್ ಬರತ್ತೆ ಅಂತ ಹೋದ ಎಪಿಸೋಡಿನಲ್ಲಿ ಹೇಳಿದ್ದಕ್ಕೆ ಬಂದ ಮೆಸೇಜುಗಳಲ್ಲಿ ಅರ್ಧ ನಗು, ಇನ್ನರ್ಧ ಗಾಬರಿ. ಗಾಬರಿಯಾದವರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ವೆಟ್ ಇನ್ಸುಲಿನ್ ಬದಲಾಯಿಸೋಣ ಅಂತಿದ್ದಾರೆ. ಹಳೇದು ಎರಡು ಯೂನಿಟ್ ಕೊಡ್ತಿದ್ವಿ, ಹೊಸದೂ ಎರಡೇ ಕೊಟ್ರೆ ಆಯ್ತಲ್ಲ?"

ಆಗಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ. ನಾನು ಬಿ.ಕಾಂ. ಓದಿದವಳು, ಡಾಕ್ಟರ್ ಅಲ್ಲ. ಡೋಸ್ ಎಷ್ಟು ಅನ್ನೋದನ್ನ ನಿಮ್ಮ ವೆಟ್ಟೇ ಹೇಳಬೇಕು. ಆದರೆ ನಮ್ಮನೆ ಗುಂಡನಿಗೆ (ಹನ್ನೊಂದು ವರ್ಷ, ಆರೂವರೆ ಕೆಜಿ, ಹೆಸರಿಗೆ ತಕ್ಕ ಮೈ) ಈ ಬದಲಾವಣೆ ಆಗಿದೆ. ಡಾಕ್ಟರ್ ಬರೆದುಕೊಟ್ಟ ಡೋಸು ಬೆಕ್ಕಿನ ಮೈ ಸೇರೋ ಹೊತ್ತಿಗೆ ಎಲ್ಲೆಲ್ಲಿ ಲೆಕ್ಕ ತಪ್ಪಬಹುದು ಅನ್ನೋದು ಇವತ್ತಿನ ವಿಷಯ.

ಬದಲಾಯಿಸೋದು ಯಾಕೆ ಅನ್ನೋದು ಮೊದಲು. ಬೆಕ್ಕಿನ ಸಕ್ಕರೆ ಕಾಯಿಲೆ ಬಹುತೇಕ ಮನುಷ್ಯರ ಟೈಪ್ 2 ಥರದ್ದು. ಗುಂಡನಿಗೆ ಮೊದಲು ಕೊಡ್ತಿದ್ದದ್ದು ಎನ್‌ಪಿಎಚ್ ಅನ್ನೋ ಹಳೇ ಇನ್ಸುಲಿನ್. ಮನುಷ್ಯರಿಗೆ ಅಂತ ಮಾಡಿದ್ದು, ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗತ್ತೆ. ತೊಂದರೆ ಏನಂದ್ರೆ ಹಲವು ಬೆಕ್ಕುಗಳಲ್ಲಿ ಇದರ ಕೆಲಸ ಬೇಗ ಮುಗಿದುಹೋಗತ್ತೆ. ಗುಂಡನ ಚಾರ್ಟಿನಲ್ಲಿ ಬೆಳಿಗ್ಗೆ ಏಳಕ್ಕೆ ಚುಚ್ಚಿದರೆ ಹನ್ನೊಂದರ ಹೊತ್ತಿಗೆ ಶುಗರ್ ದೊಪ್ಪನೆ ಕೆಳಗೆ, ಮಧ್ಯಾಹ್ನ ಮೂರಕ್ಕೆ ಮತ್ತೆ ಮೇಲೆ. ಸಂಜೆ ಏಳರ ತನಕ ಇನ್ಸುಲಿನ್ನೇ ಕೊಟ್ಟಿಲ್ಲವೇನೋ ಅನ್ನೋ ಹಾಗೆ.

ಬದಲಿಗೆ ಬಂದದ್ದು ಗ್ಲಾರ್ಜಿನ್. ಸನೋಫಿಯ ಲ್ಯಾಂಟಸ್ ಅಂದ್ರೆ ಇದೇ. ನಮ್ಮ ಬೆಂಗಳೂರಿನ ಬಯೋಕಾನ್ ಅಭಿವೃದ್ಧಿಪಡಿಸಿದ ಬಾಸಲಾಗ್ ಕೂಡ ಇದೇ. ಬಾಟಲಿಯೊಳಗೆ ಇದು ಆಮ್ಲೀಯ ದ್ರಾವಣ. ಚರ್ಮದ ಕೆಳಗೆ ಹೋದ ಕೂಡಲೇ ಆಮ್ಲೀಯತೆ ಕಳೆದುಕೊಂಡು ಸಣ್ಣ ಸಣ್ಣ ಕಣಗಳಾಗಿ ಅಲ್ಲೇ ಕೂತು, ಅಲ್ಲಿಂದ ನಿಧಾನಕ್ಕೆ ಕರಗಿ ರಕ್ತ ಸೇರುತ್ತೆ. ಅದಕ್ಕೇ ಏರಿಳಿತ ಕಮ್ಮಿ. ಇದಕ್ಕೆ ನೀರು ಬೆರೆಸಬಾರದು, ಬೇರೆ ಇನ್ಸುಲಿನ್ ಜತೆ ಒಂದೇ ಸಿರಿಂಜಿಗೆ ಎಳೆಯಬಾರದು ಅನ್ನೋದೂ ಇದೇ ಕಾರಣಕ್ಕೆ. ನೋಡೋಕೂ ಬೇರೆ. ಎನ್‌ಪಿಎಚ್ ಹಾಲು ಬೆರೆಸಿದ ನೀರಿನ ಹಾಗೆ ಮಬ್ಬಾಗಿರಬೇಕು, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ ಬಳಸಬೇಕು. ಗ್ಲಾರ್ಜಿನ್ ತಿಳಿನೀರಿನ ಹಾಗಿರಬೇಕು, ಮಬ್ಬಾದ್ರೆ ಎಸೆಯಬೇಕು.

ಈಗ ನನಗೆ ನಿದ್ದೆಗೆಡಿಸಿದ ಭಾಗ.

ನಮ್ಮ ದೇಶದಲ್ಲಿ ಹಳೇ ಇನ್ಸುಲಿನ್ ಬಾಟಲಿಗಳು ಹೆಚ್ಚಾಗಿ ಒಂದು ಎಂ.ಎಲ್.ಗೆ 40 ಯೂನಿಟ್ ಲೆಕ್ಕದ್ದು. ಅದರ ಸಿರಿಂಜ್ ಯು-40, ಕೆಂಪು ಮುಚ್ಚಳ. ಗ್ಲಾರ್ಜಿನ್ ಒಂದು ಎಂ.ಎಲ್.ಗೆ 100 ಯೂನಿಟ್. ಅದರ ಸಿರಿಂಜ್ ಯು-100, ಕಿತ್ತಳೆ ಮುಚ್ಚಳ. ಸಿರಿಂಜಿನ ಮೇಲಿನ ಗೆರೆಗೆ ಒಳಗೆ ಯಾವ ಔಷಧಿ ಇದೆ ಅಂತ ಗೊತ್ತಾಗಲ್ಲ. ಕೆಂಪು ಸಿರಿಂಜಿನಲ್ಲಿ "2" ಅನ್ನೋ ಗೆರೆ ಅಂದ್ರೆ 0.05 ಎಂ.ಎಲ್. ಅಷ್ಟೇ. ಅಲ್ಲಿವರೆಗೆ ಗ್ಲಾರ್ಜಿನ್ ಎಳೆದರೆ ಒಳಗೆ ಇರೋದು ಎರಡಲ್ಲ, ಐದು ಯೂನಿಟ್. ಎರಡೂವರೆ ಪಟ್ಟು! ಉಲ್ಟಾ ಆದರೆ, ಅಂದ್ರೆ ಕಿತ್ತಳೆ ಸಿರಿಂಜಿಗೆ 40ರ ಔಷಧಿ ಎಳೆದರೆ, ಎರಡರ ಬದಲು 0.8 ಯೂನಿಟ್. ಸ್ಕೂಲಲ್ಲಿ ಕಲಿತ ತ್ರೈರಾಶಿ, ಅಷ್ಟೇ. ಆದರೆ ಆರು ಕೆಜಿ ಪ್ರಾಣಿಗೆ ಎರಡರ ಜಾಗದಲ್ಲಿ ಐದು ಹೋದರೆ ಜೀವಕ್ಕೇ ಅಪಾಯ.

ನಮ್ಮನೇಲಿ ಇದು ಬರೀ ಥಿಯರಿ ಅಲ್ಲ. ಅಪ್ಪನಿಗೂ ಶುಗರ್ ಇದೆ. ಅವರ 40ರ ಬಾಟಲಿ, ಕೆಂಪು ಸಿರಿಂಜ್ ಫ್ರಿಜ್ಜಿನ ಬಾಗಿಲಲ್ಲೇ ಇರತ್ತೆ. ಸಂಜೆ ನಾನು ರೆಕಾರ್ಡಿಂಗಿಗೆ ಹೋದಾಗ ಗುಂಡನಿಗೆ ಚುಚ್ಚೋದು ಅಮ್ಮ. ಹಾಗಾಗಿ ಹೊಸ ಔಷಧಿ ಬಂದ ದಿನವೇ ಗುಂಡನ ಹಳೇ ಬಾಟಲಿ, ಅವನ ಕೆಂಪು ಸಿರಿಂಜುಗಳನ್ನೆಲ್ಲ ಮನೆಯಿಂದ ಆಚೆ ಹಾಕಿದ್ವಿ. ಅವನದ್ದಕ್ಕೆ ಬೇರೆ ಡಬ್ಬ, ಡಬ್ಬದ ಮೇಲೆ ಮಾರ್ಕರಿನಲ್ಲಿ "ಬೆಕ್ಕು, ಕಿತ್ತಳೆ ಮಾತ್ರ". ಅಪ್ಪ ಓದಿ ನಕ್ಕರು, ಪರವಾಗಿಲ್ಲ.

ಅಂಗಡಿಯಲ್ಲಿ ಬರೀ "ಇನ್ಸುಲಿನ್ ಸಿರಿಂಜ್ ಕೊಡಿ" ಅನ್ನಬೇಡಿ. ಯು-100, 0.3 ಎಂ.ಎಲ್., ಅರ್ಧ ಯೂನಿಟ್ ಗೆರೆ ಇರೋದು ಅಂತ ಕೇಳಿ. ಬೆಕ್ಕಿನ ಡೋಸು ಅರ್ಧರ್ಧ ಯೂನಿಟ್ಟಿನಲ್ಲಿ ಏರಿಳಿಯುತ್ತೆ. ಸಾಮಾನ್ಯ ಪೆನ್ನು ಒಂದೊಂದೇ ಯೂನಿಟ್ ತಿರುಗೋದರಿಂದ ಒಂದೂವರೆ ಕೊಡೋಕಾಗಲ್ಲ.

ಇನ್ನು ಎರಡಕ್ಕೆ ಎರಡು ಅನ್ನೋ ಪ್ರಶ್ನೆ. ಹಳೇ ಇನ್ಸುಲಿನ್ ಬೇಗ ಮುಗಿಯುತ್ತೆ ಅಂತಲೇ ಎಷ್ಟೋ ಸಲ ಅದರ ಡೋಸ್ ಏರಿಸುತ್ತಾ ಹೋಗಿರ್ತಾರೆ. ಅದೇ ನಂಬರನ್ನ ಹೆಚ್ಚು ಹೊತ್ತು ಕೆಲಸ ಮಾಡೋ ಔಷಧಿಗೆ ಹಾಕಿದರೆ ಶುಗರ್ ವಿಪರೀತ ಇಳಿಯಬಹುದು. ಅದಕ್ಕೇ ವೆಟ್‌ಗಳು ಸಾಮಾನ್ಯವಾಗಿ ಹೊಸ ರೋಗಿಗೆ ಶುರುಮಾಡೋ ಡೋಸಿನಿಂದಲೇ ಶುರುಮಾಡ್ತಾರೆ. ಗ್ಲಾರ್ಜಿನ್ನಿಗೆ ಅದು ಹೆಚ್ಚಾಗಿ 12 ಗಂಟೆಗೊಮ್ಮೆ 1ರಿಂದ 2 ಯೂನಿಟ್. ಎರಡೂ ಔಷಧಿ ಒಟ್ಟಿಗೆ ಇಲ್ಲ, ಮುಂದಿನ ಚುಚ್ಚುಮದ್ದಿನ ಹೊತ್ತಿಗೆ ಹೊಸದು, ಅಷ್ಟೇ. ಮೊದಲ ಎರಡು ಮೂರು ದಿನ ನಂಬರ್ ಚೆನ್ನಾಗಿ ಕಾಣದಿದ್ರೆ ಕೈ ತುರಿಸತ್ತೆ. ತಡ್ಕೊಳ್ಳಿ. ಪೂರ್ತಿ ಪರಿಣಾಮ ಕಾಣೋಕೆ ಸುಮಾರು ಒಂದು ವಾರ ಬೇಕು. ಆದರೆ ಶುಗರ್ ತೀರಾ ಇಳಿದರೆ ಕಾಯೋದಿಲ್ಲ, ಅವತ್ತೇ ಫೋನ್.

ಇಳಿದಿದ್ದು ಗೊತ್ತಾಗಬೇಕಾದ್ರೆ ಮನೇಲೇ ನೋಡಬೇಕು. ಕ್ಲಿನಿಕ್ಕಿನಲ್ಲಿ ಹೆದರಿಕೆಗೇ ಬೆಕ್ಕಿನ ಶುಗರ್ ಏರಿಬಿಡತ್ತೆ. ಕಿವಿಯ ಅಂಚನ್ನ ಸ್ವಲ್ಪ ಬೆಚ್ಚಗೆ ಮಾಡಿ ಚುಚ್ಚಿದ್ರೆ ಒಂದು ಹನಿ ಸಾಕು. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ಇರೋದಕ್ಕಿಂತ ಕಮ್ಮಿ ತೋರಿಸುತ್ತೆ. ಅದನ್ನೇ ಬಳಸೋದಾದ್ರೆ ವೆಟ್‌ಗೆ ಹೇಳಿ, ಮಧ್ಯದಲ್ಲಿ ಮೀಟರ್ ಬದಲಾಯಿಸಬೇಡಿ. ಬೆಕ್ಕು ತೂರಾಡಿದ್ರೆ, ನಡುಗಿದ್ರೆ, ಕರೆದರೂ ತಿರುಗದಿದ್ರೆ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಬೆರಳಲ್ಲಿ ಒಸಡಿಗೆ ಸವರಿ ಕೂಡಲೇ ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದಿದ್ರೆ ಬಾಯಿಗೆ ಏನೂ ಸುರಿಯಬೇಡಿ. ಊಟ ಬಿಟ್ಟ ದಿನ, ಚುಚ್ಚೋ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಮಾತ್ರೆಯೋ ಸಿರಪ್ಪೋ ಇಲ್ವಾ ಅಂತ ಇಬ್ಬರು ಕೇಳಿದ್ದೀರಿ. ಅಮೆರಿಕದಲ್ಲಿ 2022ರಲ್ಲಿ ಬೆಕ್ಸಾಕ್ಯಾಟ್ ಮಾತ್ರೆ, 2023ರಲ್ಲಿ ಸೆನ್ವೆಲ್ಗೋ ದ್ರವಕ್ಕೆ ಒಪ್ಪಿಗೆ ಸಿಕ್ಕಿದೆ. ಎರಡೂ ಈಗಾಗಲೇ ಇನ್ಸುಲಿನ್ ತಗೊಂಡಿರೋ ಬೆಕ್ಕಿಗಲ್ಲ.

ಇಷ್ಟೆಲ್ಲಾ ಒದ್ದಾಟ ಯಾಕೆ ಅಂದ್ರೆ, ಬೆಕ್ಕಿಗೆ ಇನ್ಸುಲಿನ್ ಪೂರ್ತಿ ನಿಲ್ಲೋ ಸಾಧ್ಯತೆ ಇದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜಾಕಿ ರ್‍ಯಾಂಡ್ ಮತ್ತು ಕಿರ್ಸ್ಟನ್ ರೂಂಪ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 55 ಬೆಕ್ಕುಗಳಿಗೆ ಗ್ಲಾರ್ಜಿನ್ ಕೊಟ್ಟು, ಮನೆಯಲ್ಲೇ ಶುಗರ್ ನೋಡಿಕೊಂಡು, ಬಿಗಿಯಾಗಿ ಹತೋಟಿಯಲ್ಲಿಟ್ಟಿದ್ದರು. 64 ಶೇಕಡಾ ಬೆಕ್ಕುಗಳಿಗೆ ಇನ್ಸುಲಿನ್ ಬೇಡವಾಯ್ತು. ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಈ ಕ್ರಮ ಶುರುಮಾಡಿದವುಗಳಲ್ಲಿ ಅದು 84 ಶೇಕಡಾ. ತಡ ಮಾಡಿದಷ್ಟೂ ಆ ಅವಕಾಶ ಕಮ್ಮಿ.

ಕೊನೆಗೆ ದುಡ್ಡಿನ ಮಾತು, ನನ್ನ ಡಿಗ್ರಿಗೆ ಮರ್ಯಾದೆ ಬೇಕಲ್ಲ. ದಿನಕ್ಕೆ ನಾಲ್ಕು ಯೂನಿಟ್ ಅಂದ್ರೆ 28 ದಿನಕ್ಕೆ 112. ತೆರೆದ ಲ್ಯಾಂಟಸ್ಸನ್ನ ಲೇಬಲ್ ಪ್ರಕಾರ 28 ದಿನಕ್ಕೆ ಎಸೆಯಬೇಕು. 10 ಎಂ.ಎಲ್. ಬಾಟಲಿಯಲ್ಲಿ 1000 ಯೂನಿಟ್ ಇರತ್ತೆ, 888 ಯೂನಿಟ್ ಕಸದ ಬುಟ್ಟಿಗೆ. 3 ಎಂ.ಎಲ್. ಕಾರ್ಟ್ರಿಜ್‌ನಲ್ಲಿ 300, ವೇಸ್ಟಾಗೋದು 188. ಯೂನಿಟ್ ಲೆಕ್ಕದಲ್ಲಿ ದೊಡ್ಡ ಬಾಟಲಿ ಅಗ್ಗ ಅನ್ನಿಸಿದ್ರೂ ಕೊಳ್ಳೋ ಮೊದಲು ಎಷ್ಟು ಚೆಲ್ಲುತ್ತೆ ಅಂತ ನೋಡಿ. ಸ್ಟ್ರಿಪ್ಪಿನ ಖರ್ಚು ಇದಕ್ಕಿಂತ ಜಾಸ್ತಿ ಕಚ್ಚುತ್ತೆ, ಆ ಲೆಕ್ಕ ಮುಂದಿನ ವಾರ.