‘ಮಾಣಿ’ ಘಟ್ಟ ಹತ್ತಿದ ಕಥೆ
ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ‘ಮಾಣಿ’ ಎಂದರೆ ಹುಡುಗ. ಬೆಂಗಳೂರಿನಲ್ಲಿ ಹೋಟೆಲಿನಲ್ಲಿ ಬಡಿಸುವವನು. ಸಂಸ್ಕೃತದ ‘ಮಾಣವ’ದಿಂದ ಬಂದ ಈ ಪದ, ಕೆಲಸ ಹುಡುಕಿ ಘಟ್ಟ ಹತ್ತಿದ ನಮ್ಮೂರ ಹುಡುಗರ ಜತೆ ಹೋಗಿ ಹೊಸ ಅರ್ಥ ಪಡೆಯಿತು.

ಇಂಥ ಪಯಣವನ್ನು ದಾಖಲಿಸುವುದೇ ನಿಘಂಟಿನ ಕೆಲಸ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಪದಗಳ ತುಳು, ತಮಿಳು ನೆಂಟರನ್ನು ತೋರಿಸುತ್ತದೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ, ಕಾವ್ಯಗಳಿಂದ ಸಾಕ್ಷಿ ಕೊಡುತ್ತದೆ. ಆದರೆ ಬರಹಕ್ಕಿಳಿಯದ ಆಡುಮಾತಿಗೆ ಸಾಕ್ಷಿ ಯಾರು? ಪಂಜು ಗಂಗೊಳ್ಳಿ ಅವರ ಸಂಪಾದಕತ್ವದ ಕುಂದಾಪ್ರ ಕನ್ನಡ ನಿಘಂಟು ಅದಕ್ಕೊಂದು ಉತ್ತರ.

ಬಿಇ ಓದುತ್ತಿರುವ ನಾವು ಸಂದರ್ಶನಕ್ಕಾಗಿ ಬೇರೆ ಭಾಷೆ ಕಲಿಯುತ್ತಿದ್ದೇವೆ. ಕಲಿಯೋಣ. ಜತೆಗೆ ಅಮ್ಮಮ್ಮನ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳೋಣ. ಅವರೊಂದಿಗೇ ಹೋದ ಪದ ಮುಂದೆ ಯಾವ ನಿಘಂಟಿನಲ್ಲೂ ಸಿಗದು.