ಹನ್ನೆರಡು ಲಕ್ಷ ಬೆರಕೆ, ಒಂದು ಪ್ರಿಂಟರ್

ಇಂಕ್‌ಜೆಟ್ ಪ್ರಿಂಟರಿನಿಂದ ಮಸಿ ತೆಗೆದು, ಆ ಜಾಗಕ್ಕೆ ಕಬ್ಬಿಣ, ಕೋಬಾಲ್ಟ್, ಅಲ್ಯೂಮಿನಿಯಂಗಳ ನೈಟ್ರೇಟ್ ದ್ರಾವಣ ತುಂಬಿದವರು ರಸಾಯನವಿಜ್ಞಾನಿ ಬ್ರೂಸ್ ಪಾರ್ಕಿನ್ಸನ್. ಆಗ ಅವರು ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದರು. ವಿದ್ಯುತ್ ಹರಿಯುವ ಗಾಜಿನ ಮೇಲೆ ಒಂದೊಂದು ಬೆರಕೆಯನ್ನೂ ಚುಕ್ಕೆಯಾಗಿ ಅಚ್ಚೊತ್ತುವುದು, ಕುಲುಮೆಯಲ್ಲಿ ಕಾಯಿಸಿ ಆಕ್ಸೈಡ್ ಮಾಡುವುದು, ಕ್ಷಾರದ ನೀರಿನಲ್ಲಿ ಮುಳುಗಿಸಿ ಲೇಸರ್ ಹಾಯಿಸುವುದು, ಯಾವ ಚುಕ್ಕೆಯಲ್ಲಿ ವಿದ್ಯುತ್ ಹುಟ್ಟಿತೆಂದು ನೋಡುವುದು: ಕೆಲಸ ಇಷ್ಟೇ. ಬಿಸಿಲಿನಿಂದಲೇ ನೀರನ್ನು ಒಡೆದು ಹೈಡ್ರೋಜನ್ ಪಡೆಯಬಲ್ಲ ಅಗ್ಗದ ವಸ್ತುವೊಂದನ್ನು ಹುಡುಕುವ ದಾರಿ ಇದು. ಬೆಳಕಿನಿಂದ ನೀರು ಒಡೆಯುತ್ತದೆಂದು ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲೇ ತೋರಿಸಿದ್ದರು. ಆದರೆ ಅವರು ಬಳಸಿದ ಟೈಟೇನಿಯಂ ಡೈಆಕ್ಸೈಡ್ ಹೀರುವುದು ಅತಿನೇರಳೆ ಕಿರಣವನ್ನು. ಬಿಸಿಲಿನಲ್ಲಿ ಅದರ ಪಾಲು ತೀರಾ ಕಡಿಮೆ. ನಮ್ಮ ಬಳ್ಳಾರಿ–ಸಂಡೂರಿನ ಅದಿರಿನಲ್ಲಿರುವ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ, ಆದರೆ ಬೆಳಕು ಎಬ್ಬಿಸಿದ ಎಲೆಕ್ಟ್ರಾನು ನೀರಿಗೆ ಉಪಯೋಗವಾಗುವ ಮೊದಲೇ ಮರಳಿ ತನ್ನ ಗೂಡು ಸೇರಿಬಿಡುತ್ತದೆ. ಒಂಟಿ ಲೋಹದಿಂದ ಆಗದ್ದು ಬೆರಕೆಯಿಂದ ಆದೀತೆ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಹೈಸ್ಕೂಲಿನ ಮಕ್ಕಳು ಈ ಕಥೆಯೊಳಗೆ ಬಂದದ್ದಕ್ಕೆ ಕಾರಣ ಒಂದು ಲೆಕ್ಕ. ಅರವತ್ತು ಲೋಹಗಳಿವೆ ಎಂದಿಟ್ಟುಕೊಳ್ಳಿ. ಮೂರು ಮೂರನ್ನು ಆರಿಸಿದರೆ 34,220 ಗುಂಪು. ಪ್ರತಿ ಗುಂಪಿನಲ್ಲೂ ಪ್ರಮಾಣವನ್ನು ಶೇ. 10ರಂತೆ ಬದಲಿಸಿದರೆ 36 ಬಗೆ. ಒಟ್ಟು ಹನ್ನೆರಡು ಲಕ್ಷ ದಾಟಿತು. ಇವುಗಳಲ್ಲಿ ಗೆಲ್ಲುವುದು ಯಾವುದೆಂದು ಸಿದ್ಧಾಂತದ ಬಲದಿಂದ ಮೊದಲೇ ಹೇಳಲಾಗದು; ಒಂದು ಪ್ರಯೋಗಾಲಯ ಇಷ್ಟನ್ನೂ ಮಾಡಿ ಮುಗಿಸದು. ಹಾಗಾಗಿ ಪಾರ್ಕಿನ್ಸನ್ ಲೇಸರ್ ಪಾಯಿಂಟರು, ಆಟಿಕೆಯ ಲೆಗೊ ಯಂತ್ರಗಳನ್ನು ಕೂಡಿಸಿ ಶಾಲೆಗೆ ಎಟಕುವ ಕಿಟ್ ಕಟ್ಟಿದರು. ಅಮೆರಿಕದ್ದೇ ಆದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ರಸಾಯನವಿಜ್ಞಾನಿ ಹ್ಯಾರಿ ಗ್ರೇ ಅವರ ಬಳಗ ಲೇಸರಿನ ಜಾಗದಲ್ಲಿ ಎಲ್‌ಇಡಿ ದೀಪಗಳ ಸಾಲನ್ನಿಟ್ಟಿತು; ಕಾಲೇಜಿನ ವಿದ್ಯಾರ್ಥಿಗಳು ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಕುಳಿತರು. ಈ ಪಡೆಗೆ ‘ಸೋಲಾರ್ ಆರ್ಮಿ’ ಎಂಬ ಹೆಸರು ಬಂತು.

ಇದು ಮಕ್ಕಳನ್ನು ಬಿಟ್ಟಿ ಕೂಲಿಗೆ ಹಚ್ಚಿದಂತಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಹೇಳಿದ ಚುಕ್ಕೆಯನ್ನಷ್ಟೇ ಹಾಕಿಸಿದ್ದರೆ ಅದು ಕೂಲಿಯೇ. ಯಾವ ಲೋಹ, ಯಾವ ಪ್ರಮಾಣ, ಏಕೆ ಎಂಬುದನ್ನು ಮಕ್ಕಳೇ ಯೋಚಿಸಿ ಆರಿಸುವಲ್ಲಿ ಅದು ಸಂಶೋಧನೆಯಾಗುತ್ತದೆ. ಅಗ್ಗದ ಕಿಟ್ಟಿನ ಅಳತೆಯನ್ನು ನಂಬಬಹುದೇ ಎಂದು ಕೇಳುವವರೂ ಉಂಟು. ಅದೇ ಗಾಜಿನ ಮೇಲೆ ಗುಣ ಗೊತ್ತಿರುವ ಕಬ್ಬಿಣದ ಆಕ್ಸೈಡಿನ ಚುಕ್ಕೆಯೊಂದಿದ್ದರೆ ಉಳಿದವನ್ನು ಅದಕ್ಕೆ ಹೋಲಿಸಬಹುದು. ಇದು ಜರಡಿ ಹಿಡಿಯುವ ಕೆಲಸ. ಮೇಲೆ ಉಳಿದದ್ದನ್ನು ದೊಡ್ಡ ಪ್ರಯೋಗಾಲಯ ಮತ್ತೆ ಅಳೆಯುತ್ತದೆ. ಕೆಳಗೆ ಬಿದ್ದದ್ದೂ ವ್ಯರ್ಥವಲ್ಲ, ಮುಂದಿನವರು ಆ ಬೆರಕೆಗೆ ಮತ್ತೆ ಕೈಹಾಕಬೇಕಿಲ್ಲ.

ನನಗೆ ಸಂಕಟವಾಗುವುದು ನಮ್ಮ ಪಿಯುಸಿ ಪ್ರಾಕ್ಟಿಕಲ್ ನೆನೆದಾಗ. ಸಾಲ್ಟ್ ಅನಾಲಿಸಿಸ್‌ಗೆ ಕೊಟ್ಟ ಲವಣ ಯಾವುದೆಂದು ಮೇಷ್ಟ್ರಿಗೆ ಮೊದಲೇ ಗೊತ್ತು. ಉತ್ತರ ಹೊಂದದಿದ್ದರೆ ಅಂಕ ಹೋಗುತ್ತದೆ. ಕೈ ಪಳಗಲು ಇದು ಬೇಕು, ನಿಜ. ಆದರೆ ಎರಡು ವರ್ಷದ ರೆಕಾರ್ಡ್ ಪುಸ್ತಕದಲ್ಲಿ, ಮೇಷ್ಟ್ರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಯೋಗಕ್ಕೆ ಒಂದು ಹಾಳೆಯನ್ನೂ ನಾವು ಬಿಟ್ಟಿಲ್ಲ.