ರಜಾ ಅರ್ಜಿ

ಕನ್ನಡ ಕಲಿಸುವವನ ಬಾಳಿನಲ್ಲಿ ಮಹಾಕಾವ್ಯಕ್ಕಿಂತಲೂ ಹೆಚ್ಚು ಸಲ ಎದುರಾಗುವ ಸಾಹಿತ್ಯಪ್ರಕಾರವೊಂದಿದೆ. ಅದು ರಜಾ ಅರ್ಜಿ. ಅಕ್ಷರ ಬಲ್ಲ ನಾವೆಲ್ಲರೂ ಒಮ್ಮೆಯಾದರೂ ಈ ಪ್ರಕಾರದಲ್ಲಿ ಕೈಯಾಡಿಸಿದವರೇ. ಅದರ ಲಕ್ಷಣಗಳು ಸ್ಥಿರವಾದುವು. ಮೇಲೆ ಮಾನ್ಯರ ಸಂಬೋಧನೆ, ನಡುವೆ ದೇಹಾಲಸ್ಯದ ವರ್ಣನೆ, ಕೊನೆಗೆ 'ರಜೆಯನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ'. ದೇವರಿಗೆ ಸಲ್ಲತಕ್ಕ ಎರಡು ಮಾತುಗಳು, ದಯೆ ಮತ್ತು ಪ್ರಾರ್ಥನೆ, ಒಂದೇ ವಾಕ್ಯದಲ್ಲಿ ಮುಖ್ಯೋಪಾಧ್ಯಾಯರಿಗೆ ಸಂದುಹೋಗುತ್ತವೆ. ಎಷ್ಟೋ ವರ್ಷಗಳಿಂದ ನಾನು ಇದನ್ನು ಮಕ್ಕಳಿಗೆ ಬರೆಸುತ್ತ ಬಂದಿದ್ದೇನೆ. ಇದರಲ್ಲಿ ವಿಚಾರ ಮಾಡತಕ್ಕದ್ದು ಏನಾದರೂ ಇದೆಯೆಂದು ನನಗೆ ತೋರಿರಲಿಲ್ಲ.

ಒಂದು ಸಂಜೆ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಇದನ್ನು ಸ್ವಲ್ಪ ತಿದ್ದಿಕೊಡಿ" ಎಂದು ಒಂದು ಹಾಳೆಯನ್ನು ಮುಂದೆ ಹಿಡಿದಳು. ಅದು ಅವಳ ಅರ್ಜಿಯಲ್ಲ, ಅವಳ ತಾಯಿಯದು. ಮದ್ದೂರಿನ ಕಡೆಯಿಂದ ಬಂದ ಆಕೆ ಬೆಂಗಳೂರಿನ ಮೈಸೂರು ರಸ್ತೆಯ ಆಚೆ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯವರು. ಮೂರು ದಿನ ಚಳಿಜ್ವರದಿಂದ ಮಲಗಿದ್ದು, ಮರುದಿನ ಕೆಲಸಕ್ಕೆ ಹೋಗುವಾಗ ಕೈಯಲ್ಲೊಂದು ಕಾಗದವಿದ್ದರೆ ಬೈಗಳು ಕಡಮೆಯಾದೀತೆಂದು ಮಗಳಿಂದ ಬರೆಯಿಸಿದ್ದರು. ಒತ್ತಕ್ಷರದ ಎರಡು ತಪ್ಪುಗಳಿದ್ದುವು, ತಿದ್ದಿದೆ. ಕೊನೆಯ ವಾಕ್ಯಗಳು ಹೀಗಿದ್ದುವು: 'ಮೂರು ದಿವಸ ಜ್ವರ ಬಂದಿದ್ದಕ್ಕಾಗಿ ತಾವು ನನ್ನನ್ನು ಕ್ಷಮಿಸಬೇಕು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.' ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ಯಾವ ದೋಷವೂ ಇರಲಿಲ್ಲ. ನನ್ನ ಲೇಖನಿ ಮಾತ್ರ ಅಲ್ಲಿಯೇ ನಿಂತುಬಿಟ್ಟಿತು.

ಜ್ವರ ಬಂದುದಕ್ಕೆ ಕ್ಷಮೆ ಕೇಳುವ ಸ್ಥಿತಿ ಹೇಗೆ ಒದಗುತ್ತದೆ? ಅದನ್ನು ತಿಳಿಯಬೇಕಾದರೆ ಕಾರ್ಖಾನೆಯ ಒಳಗಣ ಕಾಲಮಾನವನ್ನು ತಿಳಿಯಬೇಕು. ಒಂದು ಅಂಗಿಯನ್ನು ಅಲ್ಲಿ ಒಬ್ಬರು ಹೊಲಿಯುವುದಿಲ್ಲ. ಕಾಲರಿಗೆ ಒಬ್ಬರು, ತೋಳಿಗೆ ಒಬ್ಬರು, ಜೇಬಿಗೆ ಒಬ್ಬರು, ಹೀಗೆ ಯಂತ್ರಗಳ ಸಾಲು. ಅದಕ್ಕೆ 'ಲೈನು' ಎಂದು ಹೆಸರು. ಪ್ರತಿಯೊಂದು ಕೆಲಸಕ್ಕೂ ಇಷ್ಟೇ ಸಮಯವೆಂದು ಸ್ಟಾಪ್‌ವಾಚ್ ಹಿಡಿದು ಮೊದಲೇ ಅಳೆದಿರುತ್ತಾರೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟನ್ನೂ, ಆದದ್ದೆಷ್ಟು ಎಂಬುದನ್ನೂ ಗಂಟೆಗಂಟೆಗೂ ಹಲಗೆಯ ಮೇಲೆ ಬರೆಯುತ್ತಾರೆ. ಒಬ್ಬಾಕೆ ಬಾರದಿದ್ದರೆ ಅವಳ ಯಂತ್ರದ ಮುಂದೆ ಬಟ್ಟೆ ರಾಶಿ ಬೀಳುತ್ತದೆ, ಮುಂದಿನವಳ ಕೈ ಬರಿದಾಗುತ್ತದೆ. ಹಡಗಿಗೆ ಸರಕು ಸೇರಬೇಕಾದ ದಿನ ಮುಂದಕ್ಕೆ ಹೋಗುವುದಿಲ್ಲ. ಮ್ಯಾನೇಜರು ಫ್ಲೋರ್ ಇನ್‌ಚಾರ್ಜನನ್ನು ಗದರಿಸುತ್ತಾನೆ, ಆತ ಸೂಪರ್‌ವೈಸರನನ್ನು, ಸೂಪರ್‌ವೈಸರನು ಹೊಲಿಗೆಯವಳನ್ನು. ಮೇಲಿನಿಂದ ಇಳಿದು ಬಂದ ಕೋಪಕ್ಕೆ ಕೆಳಗೆ ಇಳಿಯಲು ಮತ್ತೆ ಮೆಟ್ಟಿಲಿಲ್ಲ. ಅದು ಅವಳಲ್ಲಿಯೇ ನಿಲ್ಲುತ್ತದೆ. ಗಂಟೆಯಿಂದ ಅಳೆದ ಕೆಲಸದಲ್ಲಿ ಕಾಯಿಲೆಗೆ ಸ್ಥಳವನ್ನೇ ಇಟ್ಟಿರುವುದಿಲ್ಲ. ಆದುದರಿಂದ ಕಾಯಿಲೆ ಬಂದಾಗ ಅದು ಅಪರಾಧದ ರೂಪದಲ್ಲಿಯೇ ಬರಬೇಕಾಗುತ್ತದೆ.

ಇದನ್ನು ನಾನು ಕೇಳಿ ಮಾತ್ರ ತಿಳಿದವನಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಎಂ.ಎ. ಮುಗಿಸಿದ ಹೊಸತರಲ್ಲಿ, ಊರಿಗೆ ಸಮೀಪದ ಒಂದು ಕಾಲೇಜಿನಲ್ಲಿ ಗಂಟೆಯ ಲೆಕ್ಕದ ಮೇಲೆ ಪಾಠ ಹೇಳುತ್ತಿದ್ದೆ. ಕನ್ನಡದಲ್ಲಿ ಕಾಲದ ಅಳತೆಗೂ ಬಾರಿಸುವ ವಸ್ತುವಿಗೂ 'ಗಂಟೆ' ಎಂಬುದೊಂದೇ ಹೆಸರಷ್ಟೆ. ಜವಾನನು ಗಂಟೆ ಬಾರಿಸಿದಾಗಲೆಲ್ಲ ನನ್ನ ಕಿವಿಗೆ ಕೇಳುತ್ತಿದ್ದುದು ನಾಣ್ಯದ ಸದ್ದು. ಪಾಠ ಮಾಡಿದ ಗಂಟೆಗೆ ಹಣ, ಮಾಡದ ಗಂಟೆಗೆ ಇಲ್ಲ. ಆ ವರ್ಷ ನನಗೆ ವಿಷಮಶೀತಜ್ವರ ಬಂದಿತು. ಮೊದಲ ಮೂರು ದಿನ ಜ್ವರದಲ್ಲಿಯೇ ತರಗತಿಗೆ ಹೋದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಕೊಳದ ನೀರಿನಲ್ಲಿ ಅಡಗಿದ್ದೂ ಭೀಮನ ಗರ್ಜನೆಗೆ ಬೆವರುವ ಸಂದರ್ಭ. ನಾನು ಧಾರಾಕಾರವಾಗಿ ಬೆವರುತ್ತ ಅದನ್ನು ವಿವರಿಸಿದೆ. ಮೇಷ್ಟ್ರ ಅಭಿನಯ ಅಮೋಘವಾಗಿದೆಯೆಂದು ಹುಡುಗರು ಮೆಚ್ಚಿಕೊಂಡರು. ನಾಲ್ಕನೆಯ ದಿನ ಏಳಲಾಗಲಿಲ್ಲ.

ಮೂರು ವಾರ ಕಳೆದು ಹೋದಾಗ ಪ್ರಿನ್ಸಿಪಾಲರು ಕುರ್ಚಿ ತೋರಿಸಿ, ನೀರು ತರಿಸಿಕೊಟ್ಟು, ಬಹಳ ಮೃದುವಾಗಿ, "ಪಾಠ ನಿಲ್ಲಬಾರದು ನೋಡಿ, ನಿಮ್ಮ ಗಂಟೆಗಳನ್ನು ಬೇರೆಯವರಿಗೆ ಕೊಟ್ಟಿದ್ದೇವೆ" ಎಂದರು. ಅವರಲ್ಲಿ ದ್ವೇಷವಿರಲಿಲ್ಲ. ಹೊರಗೆ ಬಂದಾಗ ನನ್ನ ಗಂಟೆಗಳನ್ನು ಪಡೆದ ತರುಣ ಎದುರಾದನು. ನನಗಿಂತ ಬಡವನೆಂಬುದು ಅವನ ಚಪ್ಪಲಿಯಿಂದಲೇ ತಿಳಿಯುತ್ತಿತ್ತು. ಅವನು ನಮಸ್ಕಾರ ಮಾಡಿ ತಲೆ ತಗ್ಗಿಸಿದನು, ನಾನೂ ತಗ್ಗಿಸಿದೆ. ತಪ್ಪು ಮಾಡದ ಇಬ್ಬರು ಒಬ್ಬರನ್ನೊಬ್ಬರು ನೋಡಲು ನಾಚಿದೆವು. ಅನ್ಯಾಯದ ಆಡಳಿತವೆಂದರೆ ಯಾವಾಗಲೂ ಕೆಂಗಣ್ಣಿನ ಯಜಮಾನನೇ ಇರಬೇಕಾಗಿಲ್ಲವೆಂದು ಅಂದು ನನಗೆ ತಿಳಿಯಿತು. ಮೃದುಭಾಷಿಗಳಾದ ಸಜ್ಜನರೂ ಅದನ್ನು ನಡೆಸಬಲ್ಲರು. ಕಾಯಿಲೆಯ ಹೊರೆಯೆಲ್ಲ ಕಾಯಿಲೆಯವನ ಮೇಲೆಯೇ ಬೀಳುವಂತೆ ಏರ್ಪಾಡಿದ್ದರೆ ಸಾಕು.

ಹಾಗಾದರೆ ಕಾನೂನು ಇಲ್ಲವೆ ಎಂದು ವಾಚಕರು ಕೇಳಬಹುದು. ಇದೆ. 1948ರ ಕಾಯಿದೆಯಿಂದ ಹುಟ್ಟಿ, 1952ರ ಫೆಬ್ರುವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ನೆಹರೂ ಅವರಿಂದ ಆರಂಭಗೊಂಡ ನೌಕರರ ರಾಜ್ಯ ವಿಮೆ, ಜನರ ಬಾಯಲ್ಲಿ 'ಇ.ಎಸ್.ಐ.', ನಮ್ಮ ಗಣರಾಜ್ಯದ ಉದಾತ್ತ ಕಲ್ಪನೆಗಳಲ್ಲೊಂದು. ಕೆಲಸಗಾರನ ಕೂಲಿಯಿಂದ ಒಂದು ಅಲ್ಪ ಪಾಲು, ಮಾಲೀಕನಿಂದ ಅದಕ್ಕೂ ಹೆಚ್ಚಿನ ಪಾಲು ಸೇರಿ ನಿಧಿಯಾಗುತ್ತದೆ. ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ, ಕಾಯಿಲೆ ಬಿದ್ದಾಗ ಕೂಲಿಯ ನೂರಕ್ಕೆ 70ರಷ್ಟು ಭತ್ಯ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಭತ್ಯ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದೆಂದೂ ಆ ಕಾಯಿದೆಯಲ್ಲಿ ಬರೆದಿತ್ತು. ಕಾಯಿಲೆ ಅಪರಾಧವಲ್ಲ, ಮನುಷ್ಯಧರ್ಮ ಎಂಬುದನ್ನು ಅಂಕಿಗಳ ಭಾಷೆಯಲ್ಲಿ ಹೇಳಿದ ಮಾತು ಇದು.

ಆದರೆ ಹೊಸದಾಗಿ ಕಾಯಿಲೆ ಬಿದ್ದಾಗ ಮೊದಲ ಎರಡು ದಿನಗಳಿಗೆ ಭತ್ಯವಿಲ್ಲ. ನಮ್ಮ ಹೊಲಿಗೆಯ ತಾಯಂದಿರ ಕಾಯಿಲೆಗಳಾದರೋ ಬಹುಮಟ್ಟಿಗೆ ಎರಡು ಮೂರು ದಿನಗಳವೇ: ಜ್ವರ, ಬೆನ್ನುನೋವು, ತಿಂಗಳ ನೋವು. ಒಂದು ದಿನದ ಭತ್ಯಕ್ಕಾಗಿ ವೈದ್ಯರ ಚೀಟಿ ಹಿಡಿದು ಆಸ್ಪತ್ರೆಯ ಸರದಿಯಲ್ಲಿ ನಿಂತರೆ ಮತ್ತೊಂದು ದಿನದ ಕೂಲಿ ಹೋಗುತ್ತದೆ. ಹೀಗಾಗಿ ಆಪತ್ತಿಗೆ ಅವರು ನೆಚ್ಚುವುದು ಭವಿಷ್ಯನಿಧಿಯ ಗಂಟನ್ನು. 2016ರಲ್ಲಿ, ಆ ನಿಧಿಯಲ್ಲಿ ಮಾಲೀಕನು ಕೂಡಿಸಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ನಿಯಮ ಬಂದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಉಡುಪಿನ ಕಾರ್ಖಾನೆಗಳ ಹೆಂಗಸರು ಸಾವಿರ ಸಾವಿರವಾಗಿ ಬೀದಿಗಿಳಿದರು. ಹೊಸೂರು ರಸ್ತೆಯ ಸಂಚಾರ ನಿಂತಿತು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಒಬ್ಬಳಾಗಿ ಜ್ವರಕ್ಕೆ ಕ್ಷಮೆ ಕೇಳುವವಳು, ಹಲವರಾಗಿ ನಿಂತಾಗ ಕ್ಷಮೆ ಕೇಳಲಿಲ್ಲ.

'ರಜೆ' ಎಂಬ ಮಾತು ನಮ್ಮ ಕಚೇರಿಗಳಿಗೆ ಅರಬ್ಬಿ ಮೂಲದಿಂದ, ಪಾರಸಿ ಹಿಂದೂಸ್ತಾನಿಗಳ ದಾರಿಯಾಗಿ ಬಂದುದು. ಮೂಲದಲ್ಲಿ ಅದರ ಅರ್ಥ ಬಿಡುವಲ್ಲ, ವಿಶ್ರಾಂತಿಯೂ ಅಲ್ಲ, ಸಮ್ಮತಿ, ಅಪ್ಪಣೆ. ಕಾನೂನು ಬಂದು ಎಷ್ಟೋ ಕಾಲವಾದರೂ ಬಡವರ ಪಾಲಿಗೆ ಆ ಶಬ್ದ ಮೂಲಾರ್ಥವನ್ನು ಬಿಟ್ಟುಕೊಟ್ಟಿಲ್ಲ. ಸಲ್ಲಬೇಕಾದುದು ಇನ್ನೂ ದಯೆಯಾಗಿಯೇ ಉಳಿದಿದೆ.

ಆ ಅರ್ಜಿಯಿಂದ ಕ್ಷಮೆಯ ವಾಕ್ಯಗಳನ್ನು ಹೊಡೆದುಹಾಕಲು ನನಗೆ ಧೈರ್ಯವಾಗಲಿಲ್ಲವೆಂದು ಒಪ್ಪಿಕೊಳ್ಳಬೇಕು. ನನ್ನ ಸ್ವಾಭಿಮಾನಕ್ಕೆ ಆಕೆಯ ಕೂಲಿ ಬೆಲೆಯಾಗುವುದು ಬೇಡವೆನಿಸಿತು. ಒಂದು ವಾರದ ಮೇಲೆ ಮಗಳನ್ನು ಕೇಳಿದೆ. ಸೂಪರ್‌ವೈಸರನು ಕಾಗದವನ್ನು ಬಿಡಿಸಿಯೂ ನೋಡಲಿಲ್ಲವಂತೆ. ಮೂರು ದಿನದ ಕೂಲಿಯ ಜೊತೆಗೆ ತಿಂಗಳ ಹಾಜರಾತಿ ಭತ್ಯವೂ ಹೋಯಿತಂತೆ.

ಭಾನುವಾರದ ಈ ಪುಟವನ್ನು ಓದುವ ಬಿಡುವೂ ಒಂದು ಕಾಲದಲ್ಲಿ ಅರ್ಜಿಯಾಗಿಯೇ ಇತ್ತು. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಮುಂಬಯಿಯ 5,500 ಗಿರಣಿ ಕೆಲಸಗಾರರು ಒಂದು ಮನವಿಗೆ ಒಪ್ಪಿತ ಹಾಕಿದರು. ವಾರಕ್ಕೊಂದು ದಿನ ಬಿಡುವು ಬೇಕು, ಗಿರಣಿಯಲ್ಲಿ ಗಾಯಗೊಂಡು ಮಲಗಿದವನಿಗೆ ಗುಣವಾಗುವವರೆಗೆ ಪೂರ್ತಿ ಕೂಲಿ ಬೇಕು, ಇವೆರಡೂ ಅದರಲ್ಲಿದ್ದುವು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರವನ್ನು ಒಪ್ಪಿಕೊಂಡರು. ಮಲಗಿದವನ ಕೂಲಿಯ ಮಾತು ಅಷ್ಟು ಬೇಗ ಮುಗಿಯಲಿಲ್ಲ. ಇಂದಿಗೂ ಪೂರ್ತಿ ಮುಗಿದಿಲ್ಲ.

"ಈಗ ಅಮ್ಮ ಹೇಗಿದ್ದಾರಮ್ಮ?" ಎಂದು ಆ ಹುಡುಗಿಯನ್ನು ಮೊನ್ನೆ ವಿಚಾರಿಸಿದೆ.

"ಚೆನ್ನಾಗಿದ್ದಾರೆ ಸಾರ್. ಈಗ ಜ್ವರ ಬಂದರೂ ಮಾತ್ರೆ ನುಂಗಿ ಹೋಗಿಬಿಡುತ್ತಾರೆ. ಮಲಗುವುದೆಲ್ಲ ಭಾನುವಾರಕ್ಕೇ" ಎಂದಳು.